ವಠಾರದ ನಗೆ: ಹಾಂಗ್‌ಕಾಂಗಿನ ಕ್ಯಾಂಟನೀಸ್ ಹಾಸ್ಯಚಿತ್ರಗಳ ಅರ್ಧ ಶತಮಾನ

1973ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗಿನ ಚಿತ್ರಮಂದಿರಗಳಿಗೆ ಬಂದ ‘ಎಪ್ಪತ್ತೆರಡು ಬಾಡಿಗೆದಾರರ ಮನೆ’ ಎಂಬ ಚಿತ್ರದಲ್ಲಿ ಬೆಂಕಿ ಬಿದ್ದ ಸನ್ನಿವೇಶವೊಂದಿದೆ. ಅಗ್ನಿಶಾಮಕದವರು ಬರುತ್ತಾರೆ, ಪೈಪೂ ತಂದಿರುತ್ತಾರೆ, ಆದರೆ ನೀರು ಬಿಡುವುದಿಲ್ಲ. ಮೊದಲು ಕೈಗೆ ದುಡ್ಡು ಬೀಳಬೇಕು. ಕ್ಯಾಂಟನೀಸ್ ಆಡುಮಾತಿನಲ್ಲಿ ನೀರು ಎಂದರೆ ದುಡ್ಡು ಎಂದೂ ಆಗುವುದರಿಂದ ಇಡೀ ಚೌಕಾಸಿ ನೀರಿನ ಮಾತಿನಲ್ಲೇ ನಡೆಯುತ್ತದೆ. ಇದು ಬರಹಗಾರರ ಕಲ್ಪನೆಯಾಗಿರಲಿಲ್ಲ. ಉರಿಯುವ ಮನೆಯೆದುರು ನಿಂತು ಅಗ್ನಿಶಾಮಕ ಸಿಬ್ಬಂದಿ ಕಾಸು ಕೇಳುವುದು, ರೋಗಿಯನ್ನು ಎತ್ತುವ ಮೊದಲು ಆಂಬುಲೆನ್ಸಿನವರು ‘ಚಹಾ ಖರ್ಚು’ ಕೇಳುವುದು, ಆಸ್ಪತ್ರೆಯ ಆಯಾಗಳು ಒಂದು ಲೋಟ ನೀರಿಗೂ ಕೈಯೊಡ್ಡುವುದು ಆ ಊರಿನಲ್ಲಿ ಮಾಮೂಲಾಗಿತ್ತು. ಅದೇ ವರ್ಷದ ಜೂನ್‌ನಲ್ಲಿ ಪೀಟರ್ ಗಾಡ್‌ಬರ್ ಎಂಬ ಬ್ರಿಟಿಷ್ ಪೊಲೀಸ್ ಅಧಿಕಾರಿ, 43 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಮಿಕ್ಕಿದ ಲೆಕ್ಕವಿಲ್ಲದ ಆಸ್ತಿಯ ತನಿಖೆ ನಡೆಯುತ್ತಿರುವಾಗಲೇ ವಿಮಾನ ಹತ್ತಿ ಇಂಗ್ಲೆಂಡಿಗೆ ಪರಾರಿಯಾಗಿದ್ದ. ಅವನನ್ನು ಹಿಡಿದು ತನ್ನಿ ಎಂದು ಜನ ಬೀದಿಗಿಳಿದಿದ್ದರು. ಅದರ ಬಿಸಿ ಆರುವ ಮೊದಲೇ ಈ ಚಿತ್ರ ಬಂತು. ಭ್ರಷ್ಟಾಚಾರ ತಡೆಯುವ ಸ್ವತಂತ್ರ ಆಯೋಗ ಹುಟ್ಟಿದ್ದು ಇನ್ನೂ ಐದು ತಿಂಗಳ ನಂತರ, 1974ರ ಫೆಬ್ರವರಿಯಲ್ಲಿ. ಬೆಳ್ಳಿತೆರೆಯ ನಗೆ ಸರ್ಕಾರಕ್ಕಿಂತ ಮುಂಚೆಯೇ ದೂರು ದಾಖಲಿಸಿಕೊಂಡಿತ್ತು.

ಕ್ಯಾಂಟನೀಸ್ ಹಾಸ್ಯ ಇಷ್ಟು ವರ್ಷ ಯಾಕೆ ಬಾಳಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರಗಳು ಎರಡು. ಮಾತಿನ ಚಮತ್ಕಾರ ಎಂದು ಕೆಲವರು, ತಲೆಬುಡವಿಲ್ಲದ ಹುಚ್ಚಾಟ ಎಂದು ಇನ್ನು ಕೆಲವರು. ಎರಡರಲ್ಲೂ ಸತ್ಯವಿದೆ, ಆದರೆ ಎರಡೂ ಮೇಲುಮೇಲಿನವು. ನನ್ನ ಮಟ್ಟಿಗೆ ಅದರ ಜೀವ ಇರುವುದು ಲೆಕ್ಕದಲ್ಲಿ. ಬಾಡಿಗೆ, ಸಂಬಳ, ಸಾಲ, ಒಂದು ಹೊತ್ತಿನ ಊಟ: ಇವುಗಳ ಲೆಕ್ಕವನ್ನು ಈ ಚಿತ್ರಗಳು ಎಂದೂ ಕೈಬಿಡಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಲೆಕ್ಕದಲ್ಲಿ ಸಿಕ್ಕಿಕೊಂಡ ಬಡಪಾಯಿಯನ್ನು ಸಜ್ಜನನನ್ನಾಗಿ ಮಾಡುವ ಹಟ ಅವಕ್ಕಿರಲಿಲ್ಲ. ಅವನು ಜಿಪುಣ, ಸುಳ್ಳುಗಾರ, ಹೇಡಿ ಆಗಿರಬಹುದು. ಆದರೂ ಪ್ರೇಕ್ಷಕ ಅವನ ಪಕ್ಷ ಬಿಡುವುದಿಲ್ಲ, ಏಕೆಂದರೆ ತಿಂಗಳ ಕೊನೆಯಲ್ಲಿ ಅವನಿಗೆ ಆಗುವುದೇ ತನಗೂ ಆಗುತ್ತದೆ ಎಂದು ಪ್ರೇಕ್ಷಕನಿಗೆ ಗೊತ್ತು.

1973ರ ಆ ಚಿತ್ರದ ತೂಕ ತಿಳಿಯಬೇಕಾದರೆ ಅದರ ಹಿಂದಿನ ವರ್ಷವನ್ನು ನೋಡಬೇಕು. 1972ರಲ್ಲಿ, ಬಹುಪಾಲು ಜನ ಮನೆಯಲ್ಲಿ ಕ್ಯಾಂಟನೀಸ್ ಮಾತನಾಡುವ ಹಾಂಗ್‌ಕಾಂಗಿನಲ್ಲಿ, ಆ ಭಾಷೆಯ ಒಂದು ಚಿತ್ರವೂ ಬಿಡುಗಡೆಯಾಗಲಿಲ್ಲ. ಹತ್ತೇ ವರ್ಷದ ಹಿಂದೆ ವರ್ಷಕ್ಕೆ ಇನ್ನೂರರ ಆಸುಪಾಸಿನಲ್ಲಿ ಕ್ಯಾಂಟನೀಸ್ ಚಿತ್ರಗಳು ತಯಾರಾಗುತ್ತಿದ್ದವು. 1933ರಲ್ಲಿ ರಂಗನಟ ಸಿತ್ ಕೋಕ್-ಸಿನ್ ನಟಿಸಿದ ‘ಬಿಳಿ ಚಿನ್ನದ ಡ್ರ್ಯಾಗನ್’ನಿಂದ ಶುರುವಾದ ಆ ಭಾಷೆಯ ವಾಕ್ಚಿತ್ರ ಪರಂಪರೆ ಯುದ್ಧವನ್ನು ದಾಟಿತ್ತು, ಪ್ರಾದೇಶಿಕ ನುಡಿಯ ಚಿತ್ರಗಳನ್ನು ನಿಷೇಧಿಸಲು ಹೊರಟ ಚೀನಾದ ಅಂದಿನ ನಾನ್‌ಜಿಂಗ್ ಸರ್ಕಾರವನ್ನೂ ದಾಟಿತ್ತು. ಅದನ್ನು ಕೆಡವಿದ್ದು ಮಾರುಕಟ್ಟೆ. ಶಾ ಬ್ರದರ್ಸ್ ಕಂಪನಿ ಕ್ಲಿಯರ್‌ವಾಟರ್ ಬೇಯಲ್ಲಿ ಭಾರೀ ಸ್ಟುಡಿಯೋ ಕಟ್ಟಿ, ಬಣ್ಣದ ಮ್ಯಾಂಡರಿನ್ ಚಿತ್ರಗಳನ್ನು ತೈವಾನಿನಿಂದ ಸಿಂಗಪುರದವರೆಗೆ ಹಂಚಿತು. ಅದರ ಎದುರು ಒಂದೇ ವಾರದಲ್ಲಿ ಚಿತ್ರೀಕರಿಸಿದ ಕಪ್ಪು-ಬಿಳುಪಿನ ಕ್ಯಾಂಟನೀಸ್ ಚಿತ್ರಗಳು ಬಡಕಲಾಗಿ ಕಂಡವು. 1967ರ ನವೆಂಬರಿನಲ್ಲಿ ಟಿವಿಬಿ ವಾಹಿನಿ ಶುರುವಾದ ಮೇಲಂತೂ ತಮ್ಮ ಭಾಷೆಯ ಹಾಡು, ಹಾಸ್ಯ, ನಾಟಕ ಮನೆಯಲ್ಲೇ ಪುಕ್ಕಟೆ ಸಿಗತೊಡಗಿತು. ದುಡ್ಡು ಕೊಟ್ಟು ನೋಡಲು ಮ್ಯಾಂಡರಿನ್, ಪುಕ್ಕಟೆ ನೋಡಲು ಕ್ಯಾಂಟನೀಸ್ ಎಂಬ ಏರ್ಪಾಡು ಗಟ್ಟಿಯಾಯಿತು. ಮನೆಮಾತಿಗೆ ದೊಡ್ಡ ಪರದೆಯಲ್ಲಿ ಇನ್ನು ಜಾಗವಿಲ್ಲ ಎಂದು ಬಂಡವಾಳ ಹಾಕುವವರು ತೀರ್ಮಾನಿಸಿಬಿಟ್ಟಿದ್ದರು.

ಆ ತೀರ್ಮಾನವನ್ನು ಮುರಿದವರು ನಿರ್ದೇಶಕ ಚೋರ್ ಯೂನ್. ಗುವಾಂಗ್‌ಝೌನಲ್ಲಿ 1934ರಲ್ಲಿ ಹುಟ್ಟಿದ ಇವರು ಕ್ಯಾಂಟನೀಸ್ ಚಿತ್ರಗಳ ಹಿರಿಯ ನಟ ಚಿಯುಂಗ್ ವುಡ್-ಯಾವ್ ಅವರ ಮಗ. ಕ್ಯಾಂಟನೀಸ್ ಉದ್ಯಮ ಕುಸಿದಾಗ ಮ್ಯಾಂಡರಿನ್ ಚಿತ್ರಗಳತ್ತ ಹೋಗಿದ್ದವರು. ಅವರು ಕೈಗೆತ್ತಿಕೊಂಡ ಕಥೆ ಹೊಸದಲ್ಲ, ಅದರ ಮೂಲ ಕ್ಯಾಂಟನೀಸೂ ಅಲ್ಲ. ಅದು ಶಾಂಘೈನ ಪ್ರಹಸನ. 1963ರಲ್ಲಿ ಗುವಾಂಗ್‌ಝೌನ ಪರ್ಲ್ ರಿವರ್ ಸ್ಟುಡಿಯೋ ಅದನ್ನು ಕ್ಯಾಂಟನೀಸಿನಲ್ಲಿ ಚಿತ್ರವಾಗಿಸಿತ್ತು; 1973ರಲ್ಲಿ ಹಾಂಗ್‌ಕಾಂಗಿನ ರಂಗಮಂಚದ ಮೇಲೂ ಗೆದ್ದಿತ್ತು. ಭಾಷೆಯ ಶುದ್ಧಿಯ ಬಗ್ಗೆ ಮಾತನಾಡುವವರು ಇದನ್ನು ಗಮನಿಸಬೇಕು. ಕ್ಯಾಂಟನೀಸ್ ಸಿನಿಮಾವನ್ನು ಸಾವಿನಿಂದ ಎತ್ತಿ ತಂದ ಕಥೆ ಎರವಲಿನದು. ಮನೆಯ ಒಡತಿಯ ಪಾತ್ರ ಮಾಡಿದ ಹು ಚಿನ್ ಮ್ಯಾಂಡರಿನ್ ಚಿತ್ರಗಳ ನಟಿ. ಹಣ ಹಾಕಿದ್ದು ಮ್ಯಾಂಡರಿನ್ ಚಿತ್ರಗಳಿಂದ ಬೆಳೆದ ಶಾ ಬ್ರದರ್ಸ್, ತಾರೆಯರನ್ನು ಕೊಟ್ಟಿದ್ದು ಕ್ಯಾಂಟನೀಸ್ ಚಿತ್ರಗಳ ಪ್ರೇಕ್ಷಕರನ್ನು ಸೆಳೆದುಕೊಂಡಿದ್ದ ಟಿವಿಬಿ. ಮನೆಯಲ್ಲಿ ಪುಕ್ಕಟೆ ಕಾಣುತ್ತಿದ್ದ ಲಿಡಿಯಾ ಶಮ್ ಮುಂತಾದವರನ್ನು ನೋಡಲು ಜನ ಟಿಕೆಟ್ ಕೊಂಡರು. ಚಿತ್ರ 56 ಲಕ್ಷ ಹಾಂಗ್‌ಕಾಂಗ್ ಡಾಲರ್ ಗಳಿಸಿ ಆ ವರ್ಷದ ಪಟ್ಟಿಯಲ್ಲಿ ಮೊದಲನೆಯದಾಯಿತು. ಜುಲೈನಲ್ಲಷ್ಟೇ ತೀರಿಕೊಂಡಿದ್ದ ಬ್ರೂಸ್ ಲೀ ಅವರ ‘ಎಂಟರ್ ದಿ ಡ್ರ್ಯಾಗನ್’ ಕೂಡ ತನ್ನೂರಿನಲ್ಲಿ ಅದರ ಹಿಂದೆ ಉಳಿಯಿತು.

ಕಥೆ ನಮ್ಮ ಹಳೇ ಬೆಂಗಳೂರು, ಮೈಸೂರುಗಳ ವಠಾರ ಬಲ್ಲವರಿಗೆ ವಿವರಿಸಬೇಕಾದ್ದೇನಲ್ಲ. ಒಂದು ಅಂಗಳ, ಸುತ್ತ ಕೋಣೆಗಳು, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಎಲ್ಲರ ಮೇಲೆ ಬಾಯಿ ಮಾಡುವ ಒಬ್ಬ ಒಡತಿ. ಬಾಡಿಗೆದಾರರನ್ನು ಒಕ್ಕಲೆಬ್ಬಿಸಬೇಕು, ಸಾಕುಮಗಳನ್ನು ಪೊಲೀಸ್ ಅಧಿಕಾರಿಗೆ ಒಪ್ಪಿಸಿ ಲಾಭ ಮಾಡಿಕೊಳ್ಳಬೇಕು ಎಂಬುದು ಆಕೆಯ ಹಂಚಿಕೆ. ಬಾಡಿಗೆದಾರರು ಒಟ್ಟಾಗಿ ಅದನ್ನು ಕೆಡಿಸುತ್ತಾರೆ. ಇದೇ ವಠಾರ 1953ರ ‘ಕುಸಿಯುವ ಮನೆಯಲ್ಲಿ ವಸಂತದ ಬೆಳಗು’ ಚಿತ್ರದಲ್ಲೂ ಇತ್ತು. ಯೂನಿಯನ್ ಫಿಲ್ಮ್ ಎಂಬ ಕಲಾವಿದರ ಸಂಸ್ಥೆ ತಯಾರಿಸಿ ಲೀ ತಿಯೆಟ್ ನಿರ್ದೇಶಿಸಿದ ಆ ಚಿತ್ರದಲ್ಲಿ ಬಡವರು ಒಬ್ಬರಿಗೊಬ್ಬರು ಆಗುತ್ತಾರೆ, ಸ್ವಾರ್ಥಿಗೆ ಪಾಠವಾಗುತ್ತದೆ, ಪ್ರೇಕ್ಷಕ ಕಣ್ಣೊರೆಸಿಕೊಂಡು ಒಳ್ಳೆಯವನಾಗಿ ಮನೆಗೆ ಹೋಗುತ್ತಾನೆ. ಅದೊಂದು ಉದಾತ್ತ ಚಿತ್ರ, ಇಂದಿಗೂ ನೋಡಬೇಕಾದದ್ದು. ಆದರೆ ಇಪ್ಪತ್ತು ವರ್ಷಗಳಲ್ಲಿ ವಠಾರದವರು ಬದಲಾಗಿದ್ದರು. 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೇಯ ಜೋಪಡಿಗಳಿಗೆ ಬೆಂಕಿ ಬಿದ್ದು 50 ಸಾವಿರಕ್ಕೂ ಹೆಚ್ಚು ಜನ ಬೀದಿಪಾಲಾಗಿದ್ದರು. 1963ರ ಬರದಲ್ಲಿ ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ ಮಾತ್ರ ನಲ್ಲಿಯಲ್ಲಿ ನೀರು ಬಂದಿತ್ತು. ಬ್ರಿಟಿಷ್ ಆಡಳಿತದ ವಿರುದ್ಧದ 1967ರ ಗಲಭೆ ಆಗಿಹೋಗಿತ್ತು. ಇಷ್ಟೆಲ್ಲ ಕಂಡವರಿಗೆ ನೀತಿಪಾಠದ ಅಗತ್ಯವಿರಲಿಲ್ಲ. 1973ರ ವಠಾರದವರು ಗೆಲ್ಲುವುದು ಉಪಾಯದಿಂದ, ವೇಷ ಬದಲಿಸಿ, ಸುಳ್ಳು ಹೇಳಿ, ಬೈದು. ಒಗ್ಗಟ್ಟು ಇನ್ನೂ ಉಳಿದಿದೆ; ಸಾತ್ವಿಕತೆ ಇಲ್ಲ.

ಮುಂದಿನ ವರ್ಷವೇ ಆ ಒಗ್ಗಟ್ಟೂ ಹೋಯಿತು. ಅದನ್ನು ತೆಗೆದುಹಾಕಿದವರು ಮೈಕಲ್ ಹುಯಿ. ಈ ಪರಂಪರೆಯಲ್ಲಿ ಅವರಷ್ಟು ದೊಡ್ಡ ಕಲಾವಿದರು ಇನ್ನೊಬ್ಬರಿಲ್ಲ ಎಂದೇ ನನ್ನ ಅಭಿಪ್ರಾಯ. 1942ರಲ್ಲಿ ಗುವಾಂಗ್‌ಝೌ ಬಳಿಯ ಪಾನ್‌ಯೂನಲ್ಲಿ ಹುಟ್ಟಿ, ಬಾಲ್ಯದಲ್ಲಿ ಕುಟುಂಬದೊಂದಿಗೆ ಹಾಂಗ್‌ಕಾಂಗಿಗೆ ಬಂದು, ಅಲ್ಲಿನ ಚೈನೀಸ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವರು. 1971ರಲ್ಲಿ ತಮ್ಮ ಸ್ಯಾಮ್ ಹುಯಿ ಜೊತೆ ಟಿವಿಬಿಯಲ್ಲಿ ಹಾಸ್ಯ ಕಾರ್ಯಕ್ರಮ ನಡೆಸಿ ಮನೆಮಾತಾದರು. 1974ರಲ್ಲಿ ಗೋಲ್ಡನ್ ಹಾರ್ವೆಸ್ಟ್ ಕಂಪನಿಗೆ ಸ್ವತಃ ಬರೆದು ನಿರ್ದೇಶಿಸಿದ ‘ಗೇಮ್ಸ್ ಗ್ಯಾಂಬ್ಲರ್ಸ್ ಪ್ಲೇ’ ಜೂಜಿನಲ್ಲಿ ಮೋಸ ಮಾಡಿ ಬದುಕುವ ಇಬ್ಬರ ಕಥೆ. ಅದು 60 ಲಕ್ಷ ಡಾಲರ್ ದಾಟಿ ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. ಆ ಗೆಲುವನ್ನು ಷೇರುಪೇಟೆಯ ಜೊತೆಗಿಟ್ಟು ನೋಡಬೇಕು. ಹ್ಯಾಂಗ್ ಸೆಂಗ್ ಸೂಚ್ಯಂಕ 1973ರ ಮಾರ್ಚಿನಲ್ಲಿ 1,774ಕ್ಕೆ ಏರಿ, 1974ರ ಡಿಸೆಂಬರಿನ ಹೊತ್ತಿಗೆ 150ಕ್ಕೆ ಬಿದ್ದಿತ್ತು. ಸಣ್ಣಪುಟ್ಟ ಉಳಿತಾಯ ಹಾಕಿದವರ ಹಣವೆಲ್ಲ ಕರಗಿಹೋದ ಆ ಹೊತ್ತಿನಲ್ಲಿ ಜೂಜುಕೋರನ ಕಥೆ ಪರರ ಕಥೆಯಾಗಿರಲಿಲ್ಲ. ಮೈಕಲ್ ಹುಯಿ ಅವರ ನಾಯಕರು ಮಾಡುವ ಕೆಲಸಗಳನ್ನು ಸುಮ್ಮನೆ ಒಮ್ಮೆ ನೋಡಿ. 1975ರಲ್ಲಿ ಹುಚ್ಚಾಸ್ಪತ್ರೆಯ ನೌಕರ. 1976ರಲ್ಲಿ ಪತ್ತೇದಾರಿ ಕಚೇರಿಯ ಮಾಲೀಕ. 1978ರಲ್ಲಿ ಕರಾರುಪತ್ರಕ್ಕೆ ಕಟ್ಟುಬಿದ್ದ ಟೀವಿ ಕಲಾವಿದ. 1981ರಲ್ಲಿ ಸೆಕ್ಯೂರಿಟಿ ಕಂಪನಿಯ ಮೇಲ್ವಿಚಾರಕ. 1988ರಲ್ಲಿ ಎದುರುಗಡೆ ಕರಿದ ಕೋಳಿಯ ಹೊಸ ರೆಸ್ಟೊರೆಂಟ್ ಬಂದು ಕಂಗಾಲಾಗುವ, ಹಳೇ ಬಾತುಕೋಳಿ ಹೋಟೆಲಿನ ಯಜಮಾನ. ಒಂದೊಂದು ಚಿತ್ರವೂ ಒಂದೊಂದು ಉದ್ಯೋಗ, ಒಂದೊಂದು ಸಂಬಳದ ಜಗಳ.

1976ರ ‘ದಿ ಪ್ರೈವೇಟ್ ಐಸ್’ ಇವುಗಳಲ್ಲಿ ಶ್ರೇಷ್ಠ. ಪತ್ತೇದಾರಿ ಕಚೇರಿಯ ಯಜಮಾನನಾಗಿ ಮೈಕಲ್, ತಂಪುಪಾನೀಯ ಕಾರ್ಖಾನೆಯ ಕೆಲಸ ಕಳೆದುಕೊಂಡು ಬಂದ ಯುವಕನಾಗಿ ಸ್ಯಾಮ್, ಸದಾ ಬೈಸಿಕೊಳ್ಳುವ ಪೆದ್ದು ಸಹಾಯಕನಾಗಿ ಇನ್ನೊಬ್ಬ ಸಹೋದರ ರಿಕಿ. ಯಜಮಾನ ಪ್ರತಿಯೊಂದು ತಪ್ಪಿಗೂ ಸಂಬಳದಲ್ಲಿ ಕಡಿತ ಮಾಡುತ್ತಾನೆ. ನೌಕರರ ಬೆವರಿನ ಬೆಲೆ ಎಷ್ಟು ಎಂಬ ಚೌಕಾಸಿ ಚಿತ್ರದುದ್ದಕ್ಕೂ ಸಾಗುತ್ತದೆ. ಸ್ಯಾಮ್ ಹಾಡಿದ ಶೀರ್ಷಿಕೆ ಗೀತೆ ದುಡಿಯುವವರ ನಿಟ್ಟುಸಿರಿನ ಹಾಡಾಗಿ ಊರೆಲ್ಲ ಹಬ್ಬಿತು, ಕ್ಯಾಂಟನೀಸ್ ಪಾಪ್ ಸಂಗೀತವನ್ನು ಗಟ್ಟಿಯಾಗಿ ನೆಲೆಯೂರಿಸಿತು. ಪ್ರಸಿದ್ಧವಾದ ಅಡುಗೆಮನೆಯ ಹೊಡೆದಾಟದಲ್ಲಿ ಸಾಸೇಜಿನ ಸರವೇ ನುನ್‌ಚಾಕು, ಶಾರ್ಕಿನ ದವಡೆಯೇ ಆಯುಧ. ಹಿಂದಿನ ವರ್ಷ ಹಾಲಿವುಡ್ಡಿನಿಂದ ಬಂದ ‘ಜಾಸ್’, ಮೂರು ವರ್ಷದ ಹಿಂದೆ ಕಣ್ಮರೆಯಾದ ಬ್ರೂಸ್ ಲೀ, ಇಬ್ಬರೂ ಹೋಟೆಲಿನ ಅಡುಗೆಮನೆಗೆ ಬಂದಿಳಿಯುತ್ತಾರೆ. ಕೊನೆಗೆ ಬರುವ ಖಳನ ಪಾತ್ರದಲ್ಲಿ ‘ಎಂಟರ್ ದಿ ಡ್ರ್ಯಾಗನ್’ನಲ್ಲಿ ಬ್ರೂಸ್ ಲೀಗೆ ಎದುರಾದ ಅದೇ ಶಿಹ್ ಕಿಯೆನ್. ಇಲ್ಲಿ ಅವನ ತಂಡ ದೋಚುವುದು ಸಿನಿಮಾ ನೋಡಲು ಕೂತ ಪ್ರೇಕ್ಷಕರನ್ನು. ವೀರನ ಮುಷ್ಟಿಯಿಂದ ಲೋಕ ಸರಿಹೋಗುತ್ತದೆ ಎಂಬ ಕನಸನ್ನು ಹುಯಿ ಹೀಗೆ ಸಾಸೇಜಿನ ಮಟ್ಟಕ್ಕೆ ಇಳಿಸಿದರು. ಆ ಕನಸಿನ ಮೇಲೆ ಅವರಿಗೆ ಪ್ರೀತಿಯೂ ಇತ್ತು ಎಂಬುದು ದೃಶ್ಯದ ಲಯದಲ್ಲೇ ಗೊತ್ತಾಗುತ್ತದೆ. ಚಿತ್ರ 85 ಲಕ್ಷ ಗಳಿಸಿತು. 1981ರ ಸೆಕ್ಯೂರಿಟಿ ಕಂಪನಿಯ ಕಥೆ ಅದರ ದುಪ್ಪಟ್ಟು ಗಳಿಸಿ, ಮರುವರ್ಷ ಶುರುವಾದ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಮೈಕಲ್‌ಗೆ ಮೊಟ್ಟಮೊದಲ ಶ್ರೇಷ್ಠ ನಟ ಪ್ರಶಸ್ತಿ ತಂದಿತು.

ಇಲ್ಲಿ ಈ ವಾದಕ್ಕೆ ಮೊದಲ ಆಕ್ಷೇಪ. ಇದೆಲ್ಲ ಸ್ಥಳೀಯ ಕಥೆ, ಶ್ಲೇಷೆ ಮತ್ತು ಬೀದಿಮಾತಿನ ಆಟ. ಆ ಭಾಷೆ ಗೊತ್ತಿಲ್ಲದವನಿಗೆ ಏನು ದಕ್ಕೀತು? ಮಾತಿನ ಪಾಲು ದೊಡ್ಡದು ಎನ್ನುವುದನ್ನು ಅಲ್ಲಗಳೆಯಲಾಗದು. ಆ ಕಾಲದ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಸಂಭಾಷಣೆಯನ್ನು ಚಿತ್ರೀಕರಣದ ನಂತರ ಡಬ್ ಮಾಡುತ್ತಿದ್ದರಿಂದ, ಊರಲ್ಲಿ ನಿನ್ನೆ ಹುಟ್ಟಿದ ಮಾತನ್ನೂ ತುಟಿಚಲನೆಗೆ ಹೊಂದಿಸಿ ಸೇರಿಸಬಹುದಿತ್ತು. ಆದರೆ ನಡೆದ ಚರಿತ್ರೆ ಈ ಆಕ್ಷೇಪವನ್ನು ಒಪ್ಪುವುದಿಲ್ಲ. ‘ದಿ ಪ್ರೈವೇಟ್ ಐಸ್’ 1979ರಲ್ಲಿ ಜಪಾನಿನಲ್ಲಿ ‘ಮಿಸ್ಟರ್ ಬೂ’ ಎಂಬ ಹೆಸರಲ್ಲಿ ಬಿಡುಗಡೆಯಾಗಿ ಗೆದ್ದಿತು. ಅಲ್ಲಿನ ಟೀವಿಗಾಗಿ ಕಂಠದಾನ ಮಾಡಿದ ಹಿರೊಕಾವಾ ತಾಇಚಿರೊ ಮೂಲದ ಮಾತುಗಳಿಗೆ ಜೋತುಬೀಳದೆ ತಮ್ಮದೇ ಜಪಾನಿ ಚೇಷ್ಟೆಗಳನ್ನು ತುಂಬಿದರು. ಮಾತು ಪೂರ್ತಿ ಬದಲಾದರೂ ಸಂಬಳ ಹಿಡಿಯುವ ಯಜಮಾನ ಬದಲಾಗಲಿಲ್ಲ, ನಗುವೂ ನಿಲ್ಲಲಿಲ್ಲ. ಇನ್ನೂ ಬಲವಾದ ಸಾಕ್ಷ್ಯ ಚೀನಾದ್ದು. ಸ್ಟೀಫನ್ ಚೌ ನಟಿಸಿದ, ನಿಂಗ್‌ಶಿಯಾದ ಮರಳುಗಾಡಿನಲ್ಲಿ ಚಿತ್ರೀಕರಿಸಿದ 1995ರ ‘ಎ ಚೈನೀಸ್ ಒಡಿಸಿ’ ಬಿಡುಗಡೆಯಾದಾಗ ಸೋತಿತು. ಆಮೇಲೆ ಪೈರೇಟೆಡ್ ಡಿಸ್ಕುಗಳಲ್ಲಿ, ಟೀವಿಯಲ್ಲಿ, ವಿಶ್ವವಿದ್ಯಾಲಯಗಳ ಹಾಸ್ಟೆಲುಗಳಲ್ಲಿ ಒಂದು ತಲೆಮಾರಿನ ಬಾಯಿಪಾಠವಾಯಿತು. ಆ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಚೌ ಅವರ ಸ್ವಂತ ಧ್ವನಿಯನ್ನು ಕೇಳಿರಲಿಲ್ಲ. ಅವರು ಪ್ರೀತಿಸಿದ್ದು ತೈವಾನಿನ ಕಂಠದಾನ ಕಲಾವಿದ ಶಿ ಬಾನ್‌ಯೂ ಅವರ ಮ್ಯಾಂಡರಿನ್ ಧ್ವನಿಯನ್ನು. ಕುಂಗ್‌ಫು ಮತ್ತು ಹಾಸ್ಯ ಬೆರೆತ ಇನ್ನೊಂದು ಕವಲು ಮಾತಿನ ಗಡಿಯನ್ನು ಸಲೀಸಾಗಿಯೇ ದಾಟಿತು. 1978ರ ‘ಡ್ರಂಕನ್ ಮಾಸ್ಟರ್’ನಿಂದ ಮೇಲೆದ್ದ ಜಾಕಿ ಚಾನ್ ಅವರನ್ನು ನಮಗೆ ಪರಿಚಯಿಸಬೇಕಿಲ್ಲ; 2005ರ ‘ದಿ ಮಿಥ್’ ಚಿತ್ರಕ್ಕಾಗಿ ಹಂಪಿಗೇ ಬಂದು ಹೋದವರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹುಯಿ ಸಹೋದರರಿಗೆ ಈ ವಾದ ಹೊಂದಬಹುದು, ಆದರೆ 1990ರಲ್ಲಿ ಸ್ಟೀಫನ್ ಚೌ ಬಂದ ಮೇಲೆ ಕ್ಯಾಂಟನೀಸ್ ಹಾಸ್ಯ ‘ಮೊ ಲೇ ತಾವ್’ ಎಂದು ಕರೆಯುವ ಅಸಂಬದ್ಧತೆಯತ್ತ ಹೋಯಿತಲ್ಲ, ಅಲ್ಲಿ ಬಾಡಿಗೆ-ಸಂಬಳದ ಲೆಕ್ಕ ಎಲ್ಲಿದೆ? ಅವರು ನಟಿಸಿದ ‘ಆಲ್ ಫಾರ್ ದಿ ವಿನ್ನರ್’ 4 ಕೋಟಿ ದಾಟಿದ ಆ ವರ್ಷದಿಂದ ಚೌ ಅಲೆ ಎಷ್ಟು ಜೋರಾಗಿತ್ತೆಂದರೆ, 1992ರಲ್ಲಿ ಗಳಿಕೆಯ ಮೊದಲ ಐದು ಸ್ಥಾನಗಳಲ್ಲಿದ್ದವು ಐದೂ ಅವರ ಚಿತ್ರಗಳೇ. ಅವುಗಳಲ್ಲಿ ಸಂಬಂಧವಿಲ್ಲದ ಮಾತು, ಕಾರಣವಿಲ್ಲದ ಹಾಡು, ಒಮ್ಮೆಲೇ ತಿರುಗುವ ಕಥೆ ಹೇರಳ. ಆದರೆ ಅಸಂಬದ್ಧ ಮಾತನ್ನು ಆಡುವವನು ಯಾರು ಎಂದು ನೋಡಿದರೆ ಚಿತ್ರ ಬೇರೆಯೇ ಕಾಣುತ್ತದೆ. ಅವನು ಹೆಚ್ಚಾಗಿ ಕೆಳಗಿನವನು: ಹಳ್ಳಿಯಿಂದ ಬಂದ ಪೆದ್ದ, ಗುಜರಿ ಆಯುವವನು, ಕೆಲಸವಿಲ್ಲದವನು. 1999ರ ‘ಕಿಂಗ್ ಆಫ್ ಕಾಮಿಡಿ’ಯಲ್ಲಿ ಅವನೊಬ್ಬ ಎಕ್ಸ್‌ಟ್ರಾ ನಟ. ಕೈಯಲ್ಲಿ ನಟನೆಯ ಕುರಿತ ಸ್ತಾನಿಸ್ಲಾವ್‌ಸ್ಕಿಯ ಪುಸ್ತಕ. ಚಿತ್ರೀಕರಣದ ಜಾಗದಲ್ಲಿ ಒಂದು ಊಟದ ಡಬ್ಬಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಡಬ್ಬಿ ಹಂಚುವವನ ಪಾತ್ರದಲ್ಲಿ ಚೌ ಜೊತೆ ಹತ್ತಾರು ಚಿತ್ರಗಳಲ್ಲಿ ನಟಿಸಿದ ಉಂಗ್ ಮನ್-ತಾತ್. ಅಭಿನಯದ ಒಳಸತ್ವದ ಬಗ್ಗೆ ಮಾತನಾಡುವ ಈ ಯುವಕನನ್ನು ಆತ ಬೈದು ಬರಿಗೈಯಲ್ಲಿ ಅಟ್ಟುತ್ತಾನೆ. ನಗು ಬರುತ್ತದೆ, ಅದರ ಹಿಂದೆಯೇ ಹಸಿವೂ ಕಾಣುತ್ತದೆ. ಚೌ ಸ್ವತಃ 1983ರಲ್ಲಿ ಟಿವಿಬಿ ಧಾರಾವಾಹಿಯಲ್ಲಿ ಸುಮ್ಮನೆ ಬಂದು ಸಾಯುವ ಸೈನಿಕನಾಗಿದ್ದವರು. ಅಧಿಕಾರವಿಲ್ಲದವನ ಕೈಯಲ್ಲಿ ತರ್ಕ ಕೆಲಸ ಮಾಡುವುದಿಲ್ಲ. ಆಗ ಅವನು ತರ್ಕವನ್ನೇ ಒದೆಯುತ್ತಾನೆ. ಹುಯಿ ಅವರ ಚೌಕಾಸಿಯಿಂದ ಚೌ ಅವರ ಅಸಂಬದ್ಧತೆಗೆ ಬಂದ ದಾರಿಯನ್ನು ನಾನು ಓದುವುದು ಹೀಗೆ.

ಆ ದಾರಿ ವಠಾರಕ್ಕೇ ಮರಳಿತು ಎಂಬುದಕ್ಕೆ 2004ರ ‘ಕುಂಗ್‌ಫು ಹಸಲ್’ ಸಾಕ್ಷಿ. ಹಂದಿಗೂಡಿನ ಓಣಿ ಎಂಬ ಹೆಸರಿನ ಬಡವರ ವಠಾರ, ಕೂದಲಿಗೆ ಸುರುಳಿ ಸುತ್ತಿಕೊಂಡು ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ಅಬ್ಬರಿಸುವ ಒಡತಿ, ಮೈತಲೆಗೆಲ್ಲ ಸೋಪು ಹಚ್ಚಿಕೊಂಡ ಹುಡುಗನ ನಲ್ಲಿಯ ನೀರನ್ನು ಕಟ್ಟುವ ಅವಳ ಕೊಬ್ಬು: 1973ರ ಚಿತ್ರಕ್ಕೆ ಸಲ್ಲಿಸಿದ ನೇರ ನಮನ ಇದು. ಆದರೆ ಚೌ ಒಂದು ದೊಡ್ಡ ತಿದ್ದುಪಡಿ ಮಾಡಿದರು. ಯೂನ್ ಚಿಯು ನಟಿಸಿದ ಈ ಒಡತಿಯೇ ಓಣಿಯನ್ನು ಗೂಂಡಾಗಳಿಂದ ಉಳಿಸುವ ಮಹಾಗುರು. ಪಕ್ಕದಲ್ಲಿ ಸಪ್ಪೆ ಗಂಡನಾಗಿ ಕಾಣುವ ಯೂನ್ ವಾ ಒಂದು ಕಾಲದಲ್ಲಿ ಬ್ರೂಸ್ ಲೀಗೆ ಸಾಹಸ ದೃಶ್ಯಗಳಲ್ಲಿ ಬದಲಿಯಾಗಿದ್ದವರು. 1973ರಲ್ಲಿ ಶತ್ರು ಒಳಗಿದ್ದಳು. ಮೂವತ್ತು ವರ್ಷ ಕಳೆದಾಗ, ಜೊತೆಗೆ ಬಾಳಿದ ಆ ಇಕ್ಕಟ್ಟಿನ ಜಾಗವೇ ಕಣ್ಮರೆಯಾಗುತ್ತಿದೆ ಎಂದು ಅರಿತ ಊರಿಗೆ, ಬಾಡಿಗೆಗಾಗಿ ಬೈಯುವ ಹೆಂಗಸೂ ಸ್ವಂತದವಳಾಗಿ ಕಂಡಳು.

ಇಷ್ಟು ಹೇಳಿ, ಈ ಪರಂಪರೆಯ ಕೊಳಕನ್ನು ಮುಚ್ಚಿಟ್ಟರೆ ಪ್ರಾಮಾಣಿಕವಾಗದು. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಚೈನೀಸ್ ಹೊಸ ವರ್ಷದ ಗಳಿಕೆ ಹಿಡಿಯಲು ಅವಸರದಲ್ಲಿ ಸುತ್ತಿದ ಚಿತ್ರಗಳಲ್ಲಿ ಹೆಣ್ಣಿನ ಮೈ, ದಪ್ಪನೆಯವರು, ತೊದಲುವವರು, ಸಲಿಂಗಿಗಳು ಸುಲಭದ ನಗೆಗೆ ಸಿಕ್ಕ ವಸ್ತುಗಳಾದರು. ಚೀನಾದಿಂದ ಬಂದ ವಲಸಿಗರ ಗತಿಯೂ ಅದೇ. 1979ರ ಟಿವಿಬಿ ಧಾರಾವಾಹಿಯೊಂದರಲ್ಲಿ ಬಂದ ‘ಆ ಚಾನ್’ ಎಂಬ ಒರಟು ವಲಸಿಗನ ಹೆಸರು ಬೀದಿಯಲ್ಲಿ ಬೈಗುಳವೇ ಆಗಿಬಿಟ್ಟಿತು. ತಾವೇ ವಲಸೆ ಬಂದವರ ಮಕ್ಕಳು ಹೊಸ ವಲಸಿಗನನ್ನು ಹೀಗೆ ಆಡಿಕೊಂಡದ್ದು ನೋವಿನ ಸಂಗತಿ. 1990ರಲ್ಲಿ ಆಲ್ಫ್ರೆಡ್ ಚಿಯುಂಗ್ ನಿರ್ದೇಶಿಸಿದ ‘ಹರ್ ಫೇಟಲ್ ವೇಸ್’ ಚೀನಾದ ಮಹಿಳಾ ಪೊಲೀಸ್ ಅಧಿಕಾರಿಯನ್ನು ನಾಯಕಿಯಾಗಿಸಿ ನಗುತ್ತಲೇ ಮನುಷ್ಯಳನ್ನಾಗಿ ತೋರಿಸಿದ್ದು ಒಂದು ಪ್ರಾಯಶ್ಚಿತ್ತ ಎನ್ನಬಹುದು, ಪೂರ್ಣ ಪರಿಹಾರವಲ್ಲ. ಆದರೂ ಕಾಲ ಸೋಸಿರುವುದು ಸರಿಯಾಗಿಯೇ ಇದೆ. ಕೆಳಗಿನವರನ್ನು ಕಂಡು ನಕ್ಕ ಚಿತ್ರಗಳನ್ನು ಇಂದು ಕೇಳುವವರು ಕಡಿಮೆ; ಕೆಳಗಿನವನೊಂದಿಗೆ ನಿಂತು ನಕ್ಕವು ಮತ್ತೆ ಮತ್ತೆ ಪರದೆಗೆ ಬರುತ್ತಿವೆ. ಮಧ್ಯರಾತ್ರಿ ಪೂರ್ವಪ್ರದರ್ಶನದ ಪದ್ಧತಿಯ ಋಣವೂ ಇದರಲ್ಲಿದೆ. ಬಿಡುಗಡೆಗೆ ಮೊದಲು ಶನಿವಾರ ನಡುರಾತ್ರಿ ಚಿತ್ರ ತೋರಿಸುವುದು, ತಯಾರಕರೇ ಜನರ ನಡುವೆ ಕೂತು ನಗು ಬಾರದ ಕಡೆ, ಕೂಗಾಟ ಎದ್ದ ಕಡೆ ಗುರುತು ಮಾಡಿಕೊಳ್ಳುವುದು, ಆಮೇಲೆ ಕತ್ತರಿ ಹಾಕುವುದು. ದುಡಿದು ದಣಿದು ಬಂದ ಪ್ರೇಕ್ಷಕ ಮುಲಾಜಿಲ್ಲದೆ ಬೈಯುತ್ತಿದ್ದ. ಹಾಸ್ಯದ ವೇಗವನ್ನು ಹದಮಾಡಿದ್ದು ಆ ಬೈಗುಳ.

ಇದೆಲ್ಲ ಹಳೆಯ ಹಾಂಗ್‌ಕಾಂಗಿನ ಹಂಬಲ, ಕಳೆದುಹೋದ ಊರಿನ ನೆನಪು ಎಂಬುದು ಕೊನೆಯ ಆಕ್ಷೇಪ. ಚೀನಾದೊಂದಿಗಿನ 2003ರ ವ್ಯಾಪಾರ ಒಪ್ಪಂದದ ನಂತರ ದೊಡ್ಡ ನಿರ್ದೇಶಕರು ಚೀನಾದ ಮಾರುಕಟ್ಟೆಗೆ, ಮ್ಯಾಂಡರಿನ್ ಸಹನಿರ್ಮಾಣಗಳಿಗೆ ಹೊರಟುಹೋದರು. ಕ್ಯಾಂಟನೀಸ್ ಚಿತ್ರ ಮತ್ತೊಮ್ಮೆ ಮುಗಿಯಿತು ಎಂದರು. ಹಂಬಲ ಮಾತ್ರ ಇದ್ದಿದ್ದರೆ ಜನ ಹಳೆಯ ಚಿತ್ರಗಳನ್ನೇ ನೋಡುತ್ತಾ ಕೂರುತ್ತಿದ್ದರು. ಆದರೆ 2022ರಲ್ಲಿ ಮೂವರು ಸಹೋದರರು ಮತ್ತು ಅವರ ಸಂಗಾತಿಗಳು ಊಟದ ಮೇಜಿನ ಸುತ್ತ ಜಗಳವಾಡುವ ‘ಟೇಬಲ್ ಫಾರ್ ಸಿಕ್ಸ್’ 7 ಕೋಟಿ ಡಾಲರ್ ದಾಟಿತು. 2023ರಲ್ಲಿ ಏಕವ್ಯಕ್ತಿ ಹಾಸ್ಯ ಪ್ರದರ್ಶನಗಳಿಂದ ಸುಮಾರು ಮೂವತ್ತು ವರ್ಷ ಊರನ್ನು ನಗಿಸಿದ ಡಾಯೊ ವಾಂಗ್ ವಕೀಲನಾಗಿ ನಟಿಸಿದ ‘ಎ ಗಿಲ್ಟಿ ಕಾನ್ಷಿಯೆನ್ಸ್’ 10 ಕೋಟಿ ದಾಟಿದ ಮೊದಲ ಸ್ಥಳೀಯ ಚಿತ್ರವಾಯಿತು. 2024ರ ‘ದಿ ಲಾಸ್ಟ್ ಡ್ಯಾನ್ಸ್’ ಅದನ್ನೂ ಮೀರಿತು. ಕೊನೆಯದು ಸಾವಿನ ಕುರಿತ ಗಂಭೀರ ಚಿತ್ರ, ಹಾಸ್ಯಚಿತ್ರವೆಂದು ಯಾರೂ ಕರೆಯುವುದಿಲ್ಲ. ಆದರೆ ಅದನ್ನು ಹೊತ್ತವರು ಇಬ್ಬರು ಹಾಸ್ಯಗಾರರು: ಡಾಯೊ ವಾಂಗ್ ಮತ್ತು ಎಂಬತ್ತು ದಾಟಿದ ಮೈಕಲ್ ಹುಯಿ. ವಾಂಗ್ ಅವರದು ಸಾಂಕ್ರಾಮಿಕದ ದಿನಗಳಲ್ಲಿ ನೆಲಕಚ್ಚಿದ ಮದುವೆ ಆಯೋಜಕನ ಪಾತ್ರ. ಸಾಲ ತೀರಿಸಲು ಅವನು ಶವಸಂಸ್ಕಾರದ ವ್ಯಾಪಾರಕ್ಕೆ ಇಳಿದು ಹಳೇ ಪುರೋಹಿತನೊಂದಿಗೆ ಪಾಲುದಾರನಾಗುತ್ತಾನೆ. ಇಬ್ಬರ ನಡುವೆ ಮೊದಲು ಮಾತು ಹತ್ತುವುದು ಸಾವಿನ ಮನೆಯಲ್ಲಿ ಯಾವುದನ್ನು ಮಾರಬಹುದು, ಯಾವುದನ್ನು ಮಾರಬಾರದು ಎಂಬ ಬಗ್ಗೆ.